ಬೆಂಟೆಕ್ಸಿನ ಬಾಣಂತನ

ನಮ್ಮ ಮನೆಯಲ್ಲಿ ಔಷಧಿ ಅಂಗಡಿಯ ಹತ್ತಿ ಗಾಯಕ್ಕೆ ಬೀಳುವುದು ಅಪರೂಪ. ನೀಲಿ ಕಾಗದದೊಳಗೆ ಸುರುಳಿ ಸುತ್ತಿಕೊಂಡು ಬರುವ ಆ ಹತ್ತಿ ಹೊಸ್ತಿಲು ದಾಟಿದ್ದೇ ತಡ, ಒಳಕೋಣೆಯ ತಿಜೋರಿ ಸೇರಿಬಿಡುತ್ತದೆ. ಕಳೆದ ಶ್ರಾವಣದಲ್ಲಿ ಇಳಿಗಿ ತಾಗಿ ಕಾಲಿನ ಹೆಬ್ಬೆರಳು ಕೊಯ್ದುಕೊಂಡು, ಕುಂಟುತ್ತ ಹೋಗಿ ತಿಜೋರಿಯ ಬಾಗಿಲಿಗೆ ಕೈ ಹಾಕಿದೆ. ಅಡುಗೆಮನೆಯಿಂದ ಹೆಂಡತಿಯ ಕೂಗು ಬಂತು: “ಅದನ್ನ ಮುಟ್ಟಬ್ಯಾಡ್ರಿ, ಅದು ಸರದ ಹತ್ತಿ! ನಿಮಗ ಬ್ಯಾರೆ ಕೊಡ್ತೀನಿ ತಡೀರಿ.” ಬ್ಯಾರೆ ಎಂದರೆ ನನ್ನದೇ ಹಳೆಯ ಧೋತರದ ಚಿಂದಿ. ಬೆರಳು ವಾರದೊಳಗೆ ಮಾಯಿತು. ಮನೆಯಲ್ಲಿ ಯಾರ ಜಾಗ ಎಲ್ಲಿ ಎಂಬ ಬಗ್ಗೆ ನನಗಿದ್ದ ಸಣ್ಣಪುಟ್ಟ ಸಂಶಯಗಳೂ ಅದರ ಜೊತೆಗೇ ಮಾಯವಾದವು.

ಹತ್ತಿಯಲ್ಲಿ ಮಲಗುವ ಭಾಗ್ಯ ಬೆಂಟೆಕ್ಸಿನದು. ಅಂಗಡಿಯವನು ಒಂದು ಗ್ರಾಮಿನದು ಎನ್ನಲಿ, ರೋಲ್ಡ್ ಗೋಲ್ಡ್ ಎನ್ನಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಬಂಗಾರದ ನೀರು ಕುಡಿದು ಬಂದ ಒಡವೆಯೆಲ್ಲ ಬೆಂಟೆಕ್ಸೇ. ನಮ್ಮ ತಿಜೋರಿಯಲ್ಲಿ ಒಂದು ಕೊಲ್ಹಾಪುರಿ ಸಾಜ, ಒಂದು ಬೋರಮಾಳ, ಒಂದು ಪುತ್ಥಳಿ ಸರ, ಒಂದು ತುಶಿ, ಪಾಟ್ಲಿ, ಬಿಲ್ವಾರ, ಜುಮಕಿ ಇವೆ. ಒಂದೊಂದಕ್ಕೂ ಪ್ರತ್ಯೇಕ ಝಿಪ್ಪಿನ ಚೀಲ. ಒಂದು ಇನ್ನೊಂದಕ್ಕೆ ತಿಕ್ಕಬಾರದು. ಚೀಲದೊಳಗೆ ಹತ್ತಿ, ಹತ್ತಿಯೊಳಗೆ ಸರ, ಪಕ್ಕದಲ್ಲಿ ಹಸಿ ಹೀರಲೆಂದು ಬರೆಯುವ ಖಡುವಿನ ಒಂದು ತುಂಡು, ಇಲ್ಲವೇ ಔಷಧಿಯ ಡಬ್ಬಿಯಿಂದ ಎತ್ತಿಟ್ಟ ಪುಟ್ಟ ಪುಡಿಚೀಲ. ಆಮೇಲೆ ಗಾಳಿಯನ್ನೆಲ್ಲ ಅಂಗೈಯಿಂದ ಒತ್ತಿ ಹೊರಹಾಕಿ ಝಿಪ್ಪು ಎಳೆಯಬೇಕು. ಹಾಕಿಕೊಳ್ಳುವುದು ಅವಳ ಕೆಲಸ, ಬಿಚ್ಚಿದ ಮೇಲಿನದೆಲ್ಲ ನನ್ನದು. ನಿವೃತ್ತನಾದ ಗಂಡಸಿಗೆ ಏನಾದರೂ ಜವಾಬ್ದಾರಿ ಇರಬೇಕೆಂದು ಮನೆಯವರು ಯೋಚಿಸಿ ಕೊಟ್ಟ ಖಾತೆ ಇದು.

ಖಾತೆಯೊಡನೆ ಕಾನೂನೂ ಬಂತು. ಮೊದಲು ಎಣ್ಣೆ, ಪೌಡರು, ಅತ್ತರು. ಅವು ಒಣಗಿದ ಮೇಲೆ ಸೀರೆ. ಎಲ್ಲಕ್ಕಿಂತ ಕೊನೆಗೆ ಸರ. ಮರಳಿ ಬಂದಾಗ ಚಪ್ಪಲಿ ಹೊರಗೆ ಬಿಟ್ಟ ಕೂಡಲೇ ಬಿಚ್ಚಬೇಕಾದದ್ದು ಸರವೇ. ನೀರು ಕುಡಿಯುವುದೂ ಆಮೇಲೆ. ಬಿಚ್ಚಿದ್ದನ್ನು ಮೆತ್ತನೆಯ ಒಣಬಟ್ಟೆಯಿಂದ ಒತ್ತಬೇಕು, ಉಜ್ಜಬಾರದು. ತುಸು ಹೊತ್ತು ನೆರಳಲ್ಲಿ ಆರಬೇಕು. ಮೈಗೆ ಬೆವರಿನ ಜಿಡ್ಡು ಹಿಡಿದಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಒಂದು ಹನಿ ಸೌಮ್ಯ ಸಾಬೂನು, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಂದೇ ಒಂದು ಸಲ ಒರೆಸಿ, ಕೂಡಲೇ ಒಣಗಿಸಬೇಕು. ಜಳಕಕ್ಕೆ ಬ್ಯಾಡ, ಪಾತ್ರೆ ತೊಳೆಯುವಾಗ ಬ್ಯಾಡ, ಉಳ್ಳಾಗಡ್ಡಿ ಹೆಚ್ಚುವಾಗ ಬ್ಯಾಡ. ಇಷ್ಟೆಲ್ಲ ಬ್ಯಾಡಗಳ ನಡುವೆ ಅದನ್ನು ಹಾಕಿಕೊಳ್ಳುವುದು ಯಾವಾಗ ಎಂದು ಒಮ್ಮೆ ಕೇಳಿದೆ. “ಮಂದಿ ನೋಡೂವಾಗ,” ಎಂದಳು.

ನಮ್ಮ ಅವ್ವನ ಕೈಯಲ್ಲಿ ಖರೇ ಬಂಗಾರದ ಪಾಟ್ಲಿಗಳಿದ್ದವು. ಆ ಕೈ ಸಗಣಿ ತಟ್ಟಿತು, ಮೆಣಸಿನಕಾಯಿ ಕುಟ್ಟಿತು, ಎಮ್ಮೆ ಹಿಂಡಿತು, ಹುಣಸೆ ಹಿಚುಕಿತು, ನಮ್ಮ ಬೆನ್ನಿನ ಮೇಲೂ ಆಗಾಗ ಬಿತ್ತು. ಪಾಟ್ಲಿ ಒಮ್ಮೆಯೂ ಮುಖ ಸಪ್ಪಗೆ ಮಾಡಲಿಲ್ಲ. ಯುಗಾದಿಗೊಮ್ಮೆ ಅಂಟವಾಳಕಾಯಿಯ ನೊರೆಯಲ್ಲಿ ತೊಳೆದರೆ ಮುಗಿಯಿತು. ಸವೆಯಿತು ನಿಜ, ಬಣ್ಣ ಬದಲಿಸಲಿಲ್ಲ. ಖರೇ ಬಂಗಾರವನ್ನು ಯಾರೂ ಜತನ ಮಾಡುವುದಿಲ್ಲ, ಕಾಯುತ್ತಾರಷ್ಟೇ. ಕಳ್ಳನಿಂದ ಕಾಯಬೇಕಾದದ್ದು ಒಂದು ಜಾತಿ, ಗಾಳಿಯಿಂದ ಕಾಯಬೇಕಾದದ್ದು ಇನ್ನೊಂದು ಜಾತಿ. ನನ್ನ ಪಾಲಿಗೆ ಆಯುಷ್ಯದ ಮೊದಲರ್ಧ ಒಂದು ಜಾತಿಯದು ಬಂತು, ಉಳಿದರ್ಧ ಇನ್ನೊಂದರದು.

ಏಕೆಂದರೆ ನಾನು ನೌಕರಿ ಮಾಡಿದ್ದು ಚಿಕ್ಕೋಡಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ, ಬಂಗಾರ ಒತ್ತೆ ಹಿಡಿದು ಸಾಲ ಕೊಡುವ ತಾರಣದ ಟೇಬಲ್ಲಿನಲ್ಲಿ. ನಮ್ಮ ಕಡೆ ಬಂಗಾರ ಋತುಮಾನಕ್ಕೆ ತಕ್ಕಂತೆ ಓಡಾಡುತ್ತದೆ. ಜೂನಿನಲ್ಲಿ ಶಾಲೆಯ ಫೀ ಬಂತೆಂದರೆ ಒಳಗೆ ಬರುತ್ತದೆ. ಕಬ್ಬು ನಾಟಿಗೆ, ಗೊಬ್ಬರಕ್ಕೆ, ಬೋರು ಕೊರೆಸಲಿಕ್ಕೆ ಬರುತ್ತದೆ. ಮಿರಜದ ದವಾಖಾನೆಗೆ ಯಾರನ್ನಾದರೂ ಸೇರಿಸಿದರೆ ರಾತ್ರೋರಾತ್ರಿ ಫೋನು ಬರುತ್ತದೆ. ಕಾರ್ಖಾನೆಯವರು ಕಬ್ಬಿನ ಬಿಲ್ಲು ಜಮಾ ಮಾಡಿದರೆ ಹೊರಗೆ ಹೋಗುತ್ತದೆ. ಬಿಲ್ಲು ತಡವಾದರೆ ಅಲ್ಲೇ ನಿದ್ದೆ ಹೊಡೆಯುತ್ತದೆ. ಬಟ್ಟೆಯ ಚೀಲದಲ್ಲಿ ಕಟ್ಟಿ, ಗಂಟಿಗೆ ಅರಗಿನ ಮುದ್ರೆ ಒತ್ತಿ, ನಂಬರು ಬರೆದು ಒಳಗಿಟ್ಟರೆ, ಅದೆಷ್ಟೋ ಮನೆಗಳ ಬೋರಮಾಳಗಳು ವರ್ಷಗಟ್ಟಲೆ ಬೆಳಕು ಕಾಣುತ್ತಿರಲಿಲ್ಲ.

ನಮ್ಮಲ್ಲಿ ಬಂಗಾರ ನೋಡಿ ಬೆಲೆ ಕಟ್ಟುತ್ತಿದ್ದವರು ವಯಸ್ಸಾದ ಪತ್ತಾರ ಕಾಕಾ. ಒರೆಗಲ್ಲಿನ ಮೇಲೆ ಗೆರೆ ಎಳೆದು, ಗಾಜಿನ ಕಡ್ಡಿಯಿಂದ ಆಸಿಡ್ಡಿನ ಹನಿ ಇಟ್ಟು, ಗೆರೆ ಉಳಿಯಿತೋ ಅಳಿಯಿತೋ ನೋಡುವವರೆಗೆ ಅವರು ಉಸಿರು ಬಿಡುತ್ತಿರಲಿಲ್ಲ; ಎದುರಿಗೆ ಕೂತವರೂ ಬಿಡುತ್ತಿರಲಿಲ್ಲ. ಬೋರಮಾಳ ಬಂದರೆ ಮಾತ್ರ ಅವರ ಮುಖದಲ್ಲಿ ತುಂಟತನ ಮೂಡುತ್ತಿತ್ತು. ಬಾರಿಹಣ್ಣಿನ ಗಾತ್ರದ ಆ ಗುಂಡುಗಳು ಹೊರಗಷ್ಟೇ ಬಂಗಾರ. ತೆಳು ತಗಡನ್ನು ಗುಂಡಗೆ ಬಡಿದು, ನಜ್ಜಾಗದಿರಲೆಂದು ಒಳಗೆ ಅರಗು ತುಂಬುತ್ತಾರೆ. ಸಾಲ ಕೊಡುವಾಗ ಅರಗಿನ ತೂಕ ಕಳೆಯಬೇಕು. ಮನೆಯಲ್ಲಿ ಮೂರು ತೊಲೆ ಎಂದು ತೂಗಿಸಿಕೊಂಡು ಬಂದವರಿಗೆ ಕಾಕಾ ತಣ್ಣಗೆ ಹೇಳುತ್ತಿದ್ದರು: “ತಂಗೀ, ಒಳಗ ಎಲ್ಲಾರದೂ ಅರಗs.” ಅವರು ಒಡವೆಯ ಬಗ್ಗೆಯೇ ಹೇಳುತ್ತಿದ್ದರು. ಆದರೂ ಎದುರಿಗೆ ಕೂತ ನಾವು ಒಂದು ಕ್ಷಣ ನಮ್ಮ ನಮ್ಮ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೆವು.

ಕಾಕಾ ಬಿಡುವಾದಾಗ ಮೊರಾರ್ಜಿ ದೇಸಾಯಿಯವರನ್ನು ನೆನೆಯುತ್ತಿದ್ದರು. ಚೀನಾ ಯುದ್ಧದ ಮರುವರ್ಷ, 1963ರ ಜನವರಿಯಲ್ಲಿ, ಹಣಕಾಸು ಮಂತ್ರಿಯಾಗಿದ್ದ ಮೊರಾರ್ಜಿ ಬಂಗಾರ ನಿಯಂತ್ರಣದ ನಿಯಮ ತಂದು, ಇನ್ನು ಮೇಲೆ 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧದ ಒಡವೆ ಮಾಡಕೂಡದು ಎಂದರು. 22 ಕ್ಯಾರೆಟ್‌ನಲ್ಲಿ ನೂರಕ್ಕೆ 91.6 ಪಾಲು ಬಂಗಾರವಿದ್ದರೆ 14ರಲ್ಲಿ 58ರ ಸುಮಾರು. ದೇಶದ ತುಂಬ ಪತ್ತಾರರ ಕುಲುಮೆಗಳು ತಣ್ಣಗಾದವು. ಕಾಕಾರ ಅಪ್ಪ ಮೂಸೆ ಕಟ್ಟಿಟ್ಟು ಕೆಲಕಾಲ ಬೇರೆಯವರ ಹೊಲದಲ್ಲಿ ಕಬ್ಬು ಕಡಿದರಂತೆ. “ಹದಿನಾಲ್ಕ ಕ್ಯಾರೆಟ್ ಅಂದ್ರ ನಮ್ಮ ಆಯಿಗೋಳು ಮೂಗ ಮುರದ್ರು ನೋಡ್ರಿ ಸಾಹೇಬ್ರ. ಈಗಿನವ್ರು ಒಂದ ಕ್ಯಾರೆಟ್ಟೂ ಇಲ್ಲದ್ದನ್ನ ನಕ್ಕೋತ ಹಾಕ್ಕೊಂಡ ಹೊಂಟಾರ. ಮೊರಾರ್ಜಿ ತಡಾ ಮಾಡಬೇಕಿತ್ತು, ಅಷ್ಟ.” 1968ರಲ್ಲಿ ಬಂಗಾರ ನಿಯಂತ್ರಣ ಕಾಯ್ದೆಯೇ ಆಯಿತು, 1990ರಲ್ಲಿ ರದ್ದೂ ಆಯಿತು. ಕಾಕಾರ ಸಿಟ್ಟು ಮಾತ್ರ ಚಾಲ್ತಿಯಲ್ಲಿಯೇ ಉಳಿದಿತ್ತು.

ಬಂಗಾರ ತಾರಣದ ಟೇಬಲ್ಲಿನ ನಿಜವಾದ ಕಷ್ಟ ಆಫೀಸಿನಲ್ಲಿ ಇರಲಿಲ್ಲ, ಮದುವೆಗಳಲ್ಲಿತ್ತು. ಯಾವ ಮಂಗಲ ಕಾರ್ಯಾಲಯಕ್ಕೆ ಕಾಲಿಟ್ಟರೂ ನನಗೆ ಕೊರಳುಗಳು ಕಾಣುತ್ತಿರಲಿಲ್ಲ, ನಂಬರುಗಳು ಕಾಣುತ್ತಿದ್ದವು. ಮುಂದಿನ ಸಾಲಿನಲ್ಲಿ ಕೂತ ಗೌಡತಿಯ ಪುತ್ಥಳಿ ಸರ ಝಗಝಗಿಸುತ್ತಿದೆ. ಅದರ ಅಸಲು ನಮ್ಮಲ್ಲಿ ಎರಡನೇ ಕಪಾಟಿನಲ್ಲಿದೆ. ಅವಳ ಪಕ್ಕದಲ್ಲಿ ಕೂತು ‘ಭಾಳ ಚಂದ ಐತಿ ಅಕ್ಕಾರ’ ಎಂದು ಆ ಸರವನ್ನು ಮುಟ್ಟಿ ಮುಟ್ಟಿ ನೋಡುತ್ತಿರುವಾಕೆಯ ಬಿಲ್ವಾರದ ಅಸಲು ಅದೇ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಇಬ್ಬರ ಬಂಗಾರವೂ ಅಲ್ಲಿ ಒಂದರ ಮೇಲೊಂದು ಮಲಗಿದೆ, ಇಬ್ಬರ ಬೆಂಟೆಕ್ಸೂ ಇಲ್ಲಿ ಮಾತಾಡುತ್ತ ಕೂತಿದೆ. ನಾನು ಅಕ್ಷತೆ ಹಿಡಿದು ಹಾದುಹೋದರೆ ಸಾಕು, ಆ ಸಾಲಿನ ಸೆರಗುಗಳೆಲ್ಲ ಎಡಭುಜದಿಂದ ಬಲಭುಜಕ್ಕೆ ಏಳುತ್ತಿದ್ದವು. ಹೊಸದಾಗಿ ಕಂಡವರು ನನ್ನನ್ನು ಊರಿನ ದೊಡ್ಡ ಮರ್ಯಾದಸ್ಥನೆಂದು ತಿಳಿದದ್ದೂ ಉಂಟು. ನಾನಾದರೋ ಊಟದ ಪಂಕ್ತಿಯಲ್ಲಿ ಕೂಡ ನೆಲ ನೋಡಿಕೊಂಡೇ ನಡೆಯುವುದನ್ನು ಕಲಿತೆ. ಹೆಂಗಸರ ಕೊರಳು ನೋಡದ ಸಭ್ಯಸ್ಥ ಎಂಬ ಹೆಸರು ಬಂತು. ಅದು ನಮ್ಮ ಸಂಘದ ಗೌಪ್ಯತೆಯ ಪುಣ್ಯ.

ಅಸಲು ಒಳಗಿಡುವ ಮುನ್ನ ಅದರ ಪಡಿಯಚ್ಚು ಹುಡುಕುವುದು ನಮ್ಮ ಕಡೆಯ ಪದ್ಧತಿ. ಕೊರಳು ಖಾಲಿ ಇದ್ದರೆ ಕೇಳುವವರು ಹತ್ತು ಮಂದಿ. ನಿಪ್ಪಾಣಿಯಿಂದ ಬಸ್ಸು ಹತ್ತಿದರೆ ಕೊಲ್ಹಾಪುರ ದೂರವೇನಲ್ಲ. ಅಲ್ಲಿ ಗುಜರಿಯ ಓಣಿಯಲ್ಲಿ ಖರೇ ಬಂಗಾರದ ಅಂಗಡಿಗಳು. ಅಂಬಾಬಾಯಿಯ ಗುಡಿಯ ಎದುರು ಮಹಾದ್ವಾರ ರಸ್ತೆಯಲ್ಲಿ ಬೆಂಟೆಕ್ಸಿನವು. ಒಂದರಲ್ಲಿ ಬೆಲೆ ಕೇಳಿ, ದೇವಿಗೆ ಕೈಮುಗಿದು, ಇನ್ನೊಂದರಲ್ಲಿ ಕೊಂಡು ಬರುವುದು ಎಷ್ಟೋ ಹೆಂಗಸರ ತೀರ್ಥಯಾತ್ರೆಯ ಕ್ರಮ. ಸಾಜಿನಲ್ಲಿ 21 ಎಲೆ ಇರಬೇಕು ಎಂಬ ಲೆಕ್ಕವಿದೆ: ವಿಷ್ಣುವಿನ ಅವತಾರಕ್ಕೆ ಹತ್ತು, ಅಷ್ಟಮಂಗಲಕ್ಕೆ ಎಂಟು, ಕೆಂಪಿನದೊಂದು, ಪಚ್ಚೆಯದೊಂದು, ಕೊನೆಗೊಂದು ತಾಯಿತದ ಪದಕ. ಬೆಂಟೆಕ್ಸಿನವನೂ ಅವತಾರಗಳಲ್ಲಿ ಮೋಸ ಮಾಡುವುದಿಲ್ಲ. ಮೀನು, ಆಮೆ ಎಲ್ಲ ಸರಿಯಾಗಿಯೇ ಇರುತ್ತವೆ. ದೇವರ ಲೆಕ್ಕ ಪೂರ್ತಿ ಕೊಟ್ಟು ಬಂಗಾರದ ಲೆಕ್ಕ ಮಾತ್ರ ತೆಳುವಾಗಿಸುತ್ತಾನೆ.

ಎಷ್ಟು ತೆಳು ಎಂಬುದನ್ನು ನಿವೃತ್ತಿಯ ಒಂದು ಮಧ್ಯಾಹ್ನ ನಾನು ಲೆಕ್ಕ ಹಾಕಿ ನೋಡಿದೆ, ಗುಮಾಸ್ತನ ಚಟ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಬಂಗಾರದ ನೀರೆಂದರೆ ಸಾಮಾನ್ಯವಾಗಿ ಅರ್ಧ ಮೈಕ್ರಾನ್, ಅಗ್ಗದ್ದಾದರೆ ಅದಕ್ಕೂ ಬಹಳ ಕಡಿಮೆ. ಒಂದೇ ಗ್ರಾಂ ಬಂಗಾರವನ್ನು ಅರ್ಧ ಮೈಕ್ರಾನ್ ದಪ್ಪಕ್ಕೆ ಹಾಸಿದರೆ ಸಾವಿರ ಚದರ ಸೆಂಟಿಮೀಟರಿಗೂ ತುಸು ಹೆಚ್ಚು ಜಾಗ ಮುಚ್ಚುತ್ತದೆ. ಹಬ್ಬದೂಟದ ದೊಡ್ಡ ತಾಟು ಒಂದು ಮಗ್ಗುಲು ಪೂರ್ತಿ ಬಂಗಾರವಾಗುತ್ತದೆ. ಲೆಕ್ಕ ಮುಗಿಸಿ ತಲೆಯೆತ್ತಿದಾಗ ಇವಳು ಎದುರಿಗೆ ನಿಂತಿದ್ದಳು. ತಾಟಿನ ವಿಷಯ ಹೇಳಿದೆ. “ಹಂಗಾರ ನಾವು ಶ್ರೀಮಂತ್ರs ಬಿಡ್ರಿ,” ಎಂದು ಒಳಗೆ ಹೋದಳು.

ಈ ಬಂಗಾರದ ನೀರಿನ ಮೂಲ ಹುಡುಕಿದರೆ, ವೋಲ್ಟಾ ಎಂಬಾತ 1800ರಲ್ಲಿ ವಿದ್ಯುತ್ ಕೋಶ ಕಂಡುಹಿಡಿದ. ಅವನ ಗೆಳೆಯ, ಇಟಲಿಯ ಬ್ರುನ್ಯಾಟೆಲ್ಲಿ, ಅದೇ ಕೋಶದಿಂದ ಕರೆಂಟು ಹರಿಸಿ 1805ರಲ್ಲಿ ಬೆಳ್ಳಿಯ ಪದಕಗಳಿಗೆ ಬಂಗಾರ ಹತ್ತಿಸಿದ. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ ಮನೆತನದವರು ಪೇಟೆಂಟು ಪಡೆದು ಅದನ್ನು ದೊಡ್ಡ ಧಂದೆ ಮಾಡಿದರು. ಇವತ್ತಿಗೂ ಕೆಲಸ ಅದೇ: ಬಂಗಾರದ ಲವಣ ಕರಗಿಸಿದ ನೀರಿನಲ್ಲಿ ತಾಮ್ರದ್ದೋ ಹಿತ್ತಾಳೆಯದ್ದೋ ಸರವನ್ನು ಇಳಿಬಿಟ್ಟು ಕರೆಂಟು ಕೊಟ್ಟರೆ ಬಂಗಾರ ಬಂದು ಮೈಗೆ ಕೂರುತ್ತದೆ. ಕೂತದ್ದು ಎಂದೆಂದಿಗೂ ಅಲ್ಲಾಡದೆ ಕೂತಿರುವುದಿಲ್ಲ ಎಂಬುದೇ ತಕರಾರು. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಿಗೆ ವರ್ಷಗಟ್ಟಲೆ ಮಿತಿ ಮೀರಿ ನೀರುಣಿಸಿ, ಕೆಳಗಿದ್ದ ಉಪ್ಪು ಮೇಲೆದ್ದು ಕರಿಮಣ್ಣು ಸವಳಾದದ್ದನ್ನು ಕಂಡವರಿಗೆ ಬೆಂಟೆಕ್ಸಿನ ರೋಗ ಬೇಗ ತಿಳಿಯುತ್ತದೆ. ಕೆಳಗಿನ ತಾಮ್ರವೂ ಹಾಗೆಯೇ ಸದ್ದಿಲ್ಲದೆ ತೆಳು ಬಂಗಾರವನ್ನು ದಾಟಿ ಮೇಲೇಳುತ್ತದೆ. ಗಾಳಿಯಲ್ಲಿ ಗಂಧಕ ಸಿಕ್ಕರೆ ಕರ್ರಗಾಗುತ್ತದೆ, ಬೆವರಿನ ಉಪ್ಪು ಸಿಕ್ಕರೆ ಹಸಿರು ಬಿಡುತ್ತದೆ. ಒಳ್ಳೆಯ ಕಸುಬುದಾರರು ನಡುವೆ ನಿಕ್ಕಲ್ಲಿನ ಒಂದು ಪದರ ಹಾಕಿ ತಾಮ್ರವನ್ನು ತಡೆಯುತ್ತಾರೆ; ಆದರೆ ಕೆಲವರ ಚರ್ಮಕ್ಕೆ ನಿಕ್ಕಲ್ ಆಗದೆ ಕೊರಳು ತುರಿಸುತ್ತದೆ.

ಇದೆಲ್ಲ ತಿಳಿಯದೆಯೇ ತಿಳಿದವರು ನಿಪ್ಪಾಣಿಯ ನಮ್ಮ ಮಾವಶಿ. ಬೀಡಿ ಕಟ್ಟಿ ಸಂಸಾರ ತೂಗಿದವರು. ಬೀಡಿಯ ಕೂಲಿಯಲ್ಲಿ ಉಳಿಸಿ ಉಳಿಸಿ ಒಂದು ಗಿಲೀಟಿನ ಸಾಜ ಕೊಂಡಿದ್ದರು. ತಂಬಾಕಿನ ಪುಡಿ ಹತ್ತಿದ ಬೆರಳನ್ನು ಅದಕ್ಕೆ ತಾಗಿಸುತ್ತಿರಲಿಲ್ಲ. ಎಷ್ಟು ತೊಳೆದರೂ ಬೆರಳಿನ ಸಂದಿಯ ಕಂದುಬಣ್ಣ ಹೋಗದೆಂಬುದು ಅವರಿಗೆ ಗೊತ್ತಿತ್ತು. ಹೊರಡುವ ಹೊತ್ತಿಗೆ ಓಣಿಯಲ್ಲಿ ಆಡುವ ಯಾವುದಾದರೂ ಹುಡುಗಿಯನ್ನು ಕರೆದು, ಅವಳ ಕೈ ತೊಳೆಸಿ, ಒರೆಸಿ, ಕೊಂಡಿ ಹಾಕಿಸಿಕೊಳ್ಳುತ್ತಿದ್ದರು. ರಜೆಯಲ್ಲಿ ಹೋದಾಗ ಆ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಈಗಿನ ನನ್ನ ಖಾತೆಗೆ ತರಬೇತಿ ಅಲ್ಲೇ ಆಯಿತೆನ್ನಬೇಕು. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ಶರದ ಜೋಶಿಯವರ ಜೊತೆ ರೈತರು ಹೆದ್ದಾರಿಯ ಮೇಲೆ ಕೂತಾಗ ಮಾವಶಿ ಓಣಿಯವರೊಡನೆ ರೊಟ್ಟಿ ಬಡಿದು ಒಯ್ದು ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. ಆಮೇಲೆ ಬಹಳ ದಿನ ಅವರು ಸಾಜ ಹಾಕಲಿಲ್ಲ. ವರ್ಷದ ಮೇಲೆ ಡಬ್ಬಿ ತೆಗೆದರೆ, ಗಾಳಿಯಾಡದೆ ಅಕ್ಕಿಯಲ್ಲಿ ಹುಗಿದಿಟ್ಟದ್ದರಿಂದ, ಅದು ಕೊಂಡ ದಿನದಷ್ಟೇ ಹೊಳೆಯುತ್ತಿತ್ತಂತೆ. “ಹೊಳ್ಯೂದು ನೋಡಿ ಸಿಟ್ಟ ಬಂತು,” ಎನ್ನುತ್ತಿದ್ದರು.

ಬೆಂಟೆಕ್ಸು ಮನೆಯಲ್ಲಿದೆ ಎಂದು ಗೊತ್ತಾದರೆ ಸಾಕು, ಬಂದವರೆಲ್ಲ ವೈದ್ಯರೇ. ಹುಣಸೆಹಣ್ಣಿನಿಂದ ತಿಕ್ಕಿ ಎನ್ನುವವರು, ಟೂತ್‌ಪೇಸ್ಟು ಎನ್ನುವವರು, ಲಿಂಬೆ ಎನ್ನುವವರು, ಹಿತ್ತಾಳೆ ತಿಕ್ಕುವ ದ್ರವ ಎನ್ನುವವರು. ಹುಣಸೆಯ ಹುಳಿ ಬಂಗಾರವನ್ನು ಕರಗಿಸುವುದಿಲ್ಲ ನಿಜ. ಆದರೆ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಇಳಿದು ಕೆಳಗಿನ ತಾಮ್ರವನ್ನು ತಿನ್ನುತ್ತದೆ. ತಳ ಹೋದ ಮೇಲೆ ಮೇಲಿನ ಪದರ ತಾನಾಗಿ ಏಳುತ್ತದೆ. ಟೂತ್‌ಪೇಸ್ಟಿನಲ್ಲಿ ಹಲ್ಲು ತಿಕ್ಕಲೆಂದೇ ಹಾಕಿದ ನುಣ್ಣನೆಯ ಕಲ್ಲಿನ ಪುಡಿ ಇರುತ್ತದೆ. ಅರ್ಧ ಮೈಕ್ರಾನಿನ ಮುಂದೆ ಅದು ಗರಗಸ. ನಮ್ಮ ನೆರೆಯ ವೈನಿಯವರು ಪಾರದರ್ಶಕ ಉಗುರುಬಣ್ಣವನ್ನು ಜುಮಕಿಯ ಕಡ್ಡಿಗೆ ಬಳಿಯುತ್ತಾರೆ. ತಾಮ್ರ ಚರ್ಮಕ್ಕೆ ತಾಗದು, ಉಪಾಯ ಚೆನ್ನಾಗಿಯೇ ಇದೆ. ನನ್ನ ಸ್ವಂತ ಗುಮಾನಿ ಬೇರೆ ಇದೆ. ಬಿಳಿ ಸಕ್ಕರೆ ಮಾಡಲು ಕಾರ್ಖಾನೆಗಳಲ್ಲಿ ಗಂಧಕ ಸುಡುತ್ತಾರೆ. ಕಬ್ಬು ನುರಿಸುವ ದಿನಗಳಲ್ಲಿ ನಮ್ಮ ಸರಗಳು ಬೇಗ ಮಂಕಾಗುತ್ತವೆಂದು ನಾನು, ಅದು ಲಗ್ನದ ಹಂಗಾಮು, ಹೆಚ್ಚು ಹಾಕಿಕೊಳ್ಳುವುದರಿಂದ ಎಂದು ಅವಳು. ವಾದ ಇನ್ನೂ ಮುಗಿದಿಲ್ಲ.

ಅವಳ ತವರು ಅಥಣಿ. ಮದುವೆಯಾದ ಹೊಸದರಲ್ಲಿ ಅವರ ಮನೆಯವರು ನನಗೆ ಅಲ್ಲಿಯ ಕೈಹೊಲಿಗೆಯ ಚಪ್ಪಲಿ ಕೊಡಿಸಿದರು. ಗಿಡಗಳ ಕಾಯಿ, ತೊಗಟೆಗಳ ರಸದಲ್ಲಿ ಹದ ಮಾಡಿದ ತೊಗಲು. ಎಣ್ಣೆ ಬೇಕು, ನೀರು ಬೇಡ. ಅವಳ ಕೊರಳಲ್ಲಿ ಹೊಸ ತುಶಿ. ಅದಕ್ಕೂ ನೀರು ಬೇಡ. ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು, ಮಳೆ ಹಿಡಿಯಿತು. ಒಂದು ಅಂಗಡಿಯ ತಗಡಿನ ಕೆಳಗೆ ನಿಂತೆವು. ಮನೆ ಎದುರಿನ ಓಣಿಯಲ್ಲೇ ಇತ್ತು. ನನ್ನ ಕಾಲಿಗಾಗಿ ನಾನು, ಅವಳ ಕೊರಳಿಗಾಗಿ ಅವಳು, ಇಬ್ಬರೂ ಅಲ್ಲಾಡಲಿಲ್ಲ. ಅಂಗಡಿಯವನು ಎರಡು ಸಲ ಚಹಾ ಕುಡಿಸಿದ. ಕೊನೆಗೆ ಅವಳು ತುಶಿ ಬಿಚ್ಚಿ ಪರ್ಸಿನಲ್ಲಿ ಹಾಕಿ, ನಾನು ಚಪ್ಪಲಿ ಬಿಚ್ಚಿ ಅಂಗಿಯೊಳಗೆ ಹಾಕಿ ಓಡಿದೆವು. ಅಳಿಯ ಬರಿಗಾಲಲ್ಲಿ, ಮಗಳು ಬರಿಗೊರಳಲ್ಲಿ ಬಂದದ್ದು ಕಂಡು ಅತ್ತೆ ಗಾಬರಿಯಾದರು.

ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಗೂ ಪಾಲು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿ ಮೆಟ್ಟಿಸಿ ರೂಪದರ್ಶಿಗಳನ್ನು ನಡೆಸಿದಾಗ, ಹೆಸರು ಹೇಳದೆ ನಕಲು ಮಾಡಿದರೆಂದು ಲೋಕವೆಲ್ಲ ಗದ್ದಲವಾಯಿತು. ಪೇಪರು ಓದಿ ಹೇಳಿದೆ. ಇವಳು ಬೋರಮಾಳವನ್ನು ಬೆಳಕಿಗೆ ಹಿಡಿದು ಕಪ್ಪು ಹುಡುಕುತ್ತಿದ್ದಳು. “ನಕಲು ಮಾಡಿದ್ರ ಏನಾತು, ಜತನಾ ಮಾಡತಾರೇನು ಕೇಳ್ರಿ,” ಎಂದಳು.

ಮಾಘದ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಗಡಿಯಾಚೆಯಿಂದ ಎತ್ತಿನ ಗಾಡಿಗಳು ಸಾಲುಸಾಲಾಗಿ ಬರುತ್ತವೆ. ಭಂಡಾರ ತೂರುತ್ತಾರೆ. ಅರಿಷಿಣದ ಪುಡಿ ಆಕಾಶದಿಂದ ಇಳಿದು ಮನುಷ್ಯರು, ಎತ್ತುಗಳು, ಅಂಗಡಿಯ ಮಿಠಾಯಿ ಎಲ್ಲವನ್ನೂ ಹಳದಿ ಮಾಡುತ್ತದೆ. ಖರೇ ಸರ ಹಾಕಿದವಳು, ಬೆಂಟೆಕ್ಸು ಹಾಕಿದವಳು, ಬರೀ ಕರಿಮಣಿಯವಳು, ಎಲ್ಲರ ಕೊರಳೂ ಆ ದಿನ ಒಂದೇ ಬಣ್ಣ. ಮನೆಗೆ ಬಂದ ಮೇಲೆ ನನ್ನ ಕಷ್ಟ ಶುರು. ಸಾಜಿನ ಅವತಾರಗಳ ಸಂದುಗೊಂದುಗಳಲ್ಲಿ ಭಂಡಾರ ಕೂತಿರುತ್ತದೆ. ಮಕ್ಕಳ ಮೆತ್ತನೆಯ ಬ್ರಷ್ಷಿನಿಂದ ಒಣಗಿರುವಾಗಲೇ ಉದುರಿಸಬೇಕು. ನೀರು ತಾಗಿದರೆ ಅದು ಕೆಸರಾಗಿ ಒಳಗೇ ಅಂಟುತ್ತದೆ. ಅವ್ವ ಬದುಕಿದ್ದಾಗ ಉದುರಿಸಲೂ ಬಿಡುತ್ತಿರಲಿಲ್ಲ. “ಇರಲಿ ಬಿಡೋ ತಮ್ಮಾ, ಮಾಯವ್ವ ಹಾಕಿದ ಪಾಲಿಶ್ ಅದು.”

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಒಟ್ಟಿಗೆ ಉಕ್ಕಿದಾಗ ಚಿಕ್ಕೋಡಿಯಿಂದ ಕಾಗವಾಡದವರೆಗಿನ ನಮ್ಮ ಐದೂ ತಾಲ್ಲೂಕುಗಳ ಹೊಳೆಸಾಲಿನ ಊರುಗಳು ನೀರಲ್ಲಿ ನಿಂತವು. ಕಾಗವಾಡದ ಕಡೆಯ ನಮ್ಮ ಬೀಗರು ಪರಿಹಾರ ಕೇಂದ್ರದಲ್ಲಿದ್ದರು. ಅಲ್ಲಿಂದ ಹೆಣ್ಣುಮಕ್ಕಳು ಒಬ್ಬೊಬ್ಬರೇ ನನಗೆ ಫೋನು ಮಾಡಿದರು: “ನಮ್ಮದು ಆರಾಮ ಐತೇನ್ರಿ?” ಬಂಗಾರದ ಯೋಗಕ್ಷೇಮ. ಅದು ಸಂಘದ ಮೇಲಂತಸ್ತಿನಲ್ಲಿ ಒಣಗಿಯೇ ಇತ್ತು. ಸಾಲ ಮಾಡಿದ್ದೇ ಒಳ್ಳೆಯದಾಯಿತೆಂದು ಜನ ಹೇಳಿದ್ದನ್ನು ನಾನು ಕೇಳಿದ್ದು ಆ ಒಂದು ಸಲ. ನೀರಿಳಿದ ಮೇಲೆ ಬೀಗರ ಮನೆಗೆ ಹೋದೆ. ಅಂಗಳದಲ್ಲಿ ಹೊರಸು ಹಾಕಿ, ಅದರ ಮೇಲೆ ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಹೊಲದ ಉತಾರ, ಜೊತೆಗೆ ರಾಡಿಯಿಂದ ಎತ್ತಿ ತೊಳೆದ ಬೆಂಟೆಕ್ಸನ್ನು ಬಿಸಿಲಿಗೆ ಹರವಿದ್ದರು. ಸರ ಅಲ್ಲಲ್ಲಿ ಹಸಿರಾಗಿತ್ತು. ಬೀಗತಿ ಒಂದೊಂದು ಗುಂಡನ್ನೂ ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಮನೆಯ ಹಿತ್ತಲ ಗೋಡೆ ಬಿದ್ದಿತ್ತು. ಅದರ ಮಾತು ಆಮೇಲೆ ಬಂತು.

2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ರೂಪಾಯಿ ಮುಟ್ಟಿತು. ಖರೇ ಬೋರಮಾಳ ಕೊಳ್ಳುವ ಮಾತು ದೂರವಾದಷ್ಟೂ ಬೆಂಟೆಕ್ಸಿನ ಆಯುಷ್ಯ ಹೆಚ್ಚಿಸುವ ಕೆಲಸ ಹತ್ತಿರವಾಯಿತು. ನಮ್ಮ ಸಾಜ ಒಂದು ಸಲ ಕೊಂಡಿಯ ಹತ್ತಿರ ಪೂರ್ತಿ ಕೆಂಪಗಾದಾಗ ಮತ್ತೆ ಬಂಗಾರದ ನೀರು ಹಾಕಿಸಲು ಒಯ್ದೆವು. ಪಾಲಿಶಿನವನು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕ ಹಾಕೂ ರೊಕ್ಕದಾಗ ಇನ್ನೊಂದ ಹೊಸಾದ ಬರತೈತ್ರಿ ಅಕ್ಕಾರ,” ಎಂದ. ಲೆಕ್ಕ ಸರಿಯಾಗಿತ್ತು. ಇವಳು ಕೇಳಲಿಲ್ಲ. ಮಗಳ ಅಕ್ಕಿಕಾಳಿನಲ್ಲಿ ಹಾಕಿದ್ದು, ಮೊಮ್ಮಗನ ತೊಟ್ಟಿಲಿಗೆ ಹಾಕಿದ್ದು, ಆಲ್ಬಮ್ಮಿನ ಎಲ್ಲ ಫೋಟೋದಲ್ಲೂ ಕೊರಳಲ್ಲಿ ಇರುವುದು ಇದೇ. ಖರೇ ಸರ ಆ ದಿನಗಳಲ್ಲೆಲ್ಲ ಎಲ್ಲಿತ್ತು? ಅರಗಿನ ಮುದ್ರೆಯೊಳಗೆ. ಮನೆಯ ಸುಖದುಃಖಕ್ಕೆ ಬಂದು ನಿಂತದ್ದು, ಬೆವರು ಕುಡಿದದ್ದು, ಕೂಸಿನಿಂದ ಜಗ್ಗಿಸಿಕೊಂಡದ್ದು ಈ ತೆಳುವಿನದೇ. ಖರೇದು ನಮ್ಮ ಆಸ್ತಿ, ಇದು ನಮ್ಮ ಬಳಗ. ನೀರು ಹಾಕಿಸಿಕೊಂಡು ಬಂದೆವು.

ಮೊನ್ನೆ ರಾಯಬಾಗದಲ್ಲಿ ಒಂದು ಲಗ್ನ. ಊಟ ಮುಗಿಸಿ ಹೆಂಗಸರ ಸಾಲಿನ ಪಕ್ಕದಿಂದ ಅಭ್ಯಾಸಬಲದಿಂದ ನೆಲ ನೋಡುತ್ತ ಹೋಗುತ್ತಿದ್ದೆ. “ಸಾಹೇಬ್ರ, ನಿಲ್ರಿ,” ಎಂದಿತು ಒಂದು ದನಿ. ನನ್ನ ಟೇಬಲ್ಲಿಗೆ ಬಹಳ ವರ್ಷ ಬಂದು ಹೋದ ಹೆಣ್ಣುಮಗಳು. ನನ್ನನ್ನು ಕಂಡಾಗಲೆಲ್ಲ ಸೆರಗು ಹೊದೆಯುತ್ತಿದ್ದಾಕೆ ಆ ದಿನ ಸೆರಗನ್ನು ಪೂರಾ ಹಿಂದಕ್ಕೆ ತಳ್ಳಿ ನಿಂತಿದ್ದಳು. “ಈಗ ನೋಡ್ರಿ. ಖರೇದು. ಹ್ವಾದ ವಾರ ಬಿಡಿಸಿಕೊಂಡ ಬಂದೀವಿ.” ತಲೆಯೆತ್ತಿ ನೋಡಿದೆ. ಅಸಲೇ; ಗುಂಡುಗಳ ಗುರುತೂ ಸಿಕ್ಕಿತು. ವರ್ಷಗಟ್ಟಲೆ ಕತ್ತಲೆಯಲ್ಲಿ ಮಲಗಿ ಎದ್ದದ್ದು, ಧೂಳು ಜಿಡ್ಡು ಹಾಗೆಯೇ ಉಳಿದು ತುಸು ಮಂಕಾಗಿತ್ತು. ಅವಳ ಕಣ್ಣು ಅಷ್ಟರಲ್ಲಿ ನನ್ನ ಪಕ್ಕಕ್ಕೆ ಬಂದಿದ್ದ ಇವಳ ಕೊರಳಿಗೆ ಹೋಯಿತು. “ಅಯ್ಯ, ನಿಮ್ಮದು ಎಷ್ಟ ಹೊಳೀತೈತ್ರೀ ಅಕ್ಕಾರ! ಯಾ ಪತ್ತಾರನ ಕಡೆ ತೊಳಿಸಿದ್ರಿ?”

ನಾನು ಮತ್ತೆ ನೆಲ ನೋಡಿದೆ. ಇವಳು ನನ್ನ ಕಡೆ ಬೆರಳು ಮಾಡಿದಳು: “ಇವರ ಕಡೆ.” ಆಮೇಲೆ ಆ ಹೆಣ್ಣುಮಗಳಿಗೆ ತಿಳಿಸಿ ಹೇಳಿದಳು. ಬೋರಮಾಳಕ್ಕೆ ಅಂಟವಾಳದ ನೊರೆ ಸಾಕು, ತಣ್ಣೀರೇ ಇರಲಿ, ಬಿಸಿನೀರು ಹಾಕಿದರೆ ಒಳಗಿನ ಅರಗು ಮೆತ್ತಗಾಗುತ್ತದೆ, ಒರೆಸಿ ಹಾಕಿಕೊಂಡುಬಿಡು. ಕೇಳಿದವಳಿಗೆ ಸಮಾಧಾನವಾಗಲಿಲ್ಲ. “ಬಂಗಾರಕ್ಕ ಇಷ್ಟs ಸಾಕೇನ್ರಿ?”

“ಬಂಗಾರಕ್ಕ ಇಷ್ಟ ಸಾಕ ಯವ್ವಾ. ಬೆಂಟೆಕ್ಸಿಗೆ ಆದ್ರ ಮನ್ಯಾಗ ಒಬ್ಬ ಗಂಡಸನ್ನ ಇಟ್ಕೋಬೇಕಾಗತೈತಿ.”

ಆ ಸಾಲಿನ ಹೆಂಗಸರೆಲ್ಲ ನಕ್ಕರು. ಒಬ್ಬಾಕೆ ನಗುತ್ತಲೇ ತನ್ನ ಪುತ್ಥಳಿ ಸರ ಎತ್ತಿ ತೋರಿಸಿ, ಇದಕ್ಕೆ ಕೊಂಡಿಯ ಹತ್ತಿರ ಹಸಿರು ಬಂದಿದೆ, ಏನು ಮಾಡಲಿ ಎಂದು ನನ್ನನ್ನೇ ಕೇಳಿದಳು. ಇನ್ನಿಬ್ಬರು ಕುರ್ಚಿ ಜರುಗಿಸಿ ಹತ್ತಿರ ಬಂದರು. ಅವರಲ್ಲಿ ಯಾರ್ಯಾರ ಅಸಲು ಯಾವ ಕಪಾಟಿನಲ್ಲಿತ್ತು ಎಂಬುದನ್ನು ಮಾತ್ರ ನಿವೃತ್ತನಾದರೂ ನಾನು ಹೇಳುವಂತಿಲ್ಲ.